ಡ್ರೈವರ್‌ಗೊಂದು ಸಂಬಳ

ಮಗಳು ಇನ್ನೊಮ್ಮೆ ಕೀಲಿ ತಿರುಗಿಸಿದಳು. ವ್ಯಾನು ಕೆಮ್ಮಿ ಸುಮ್ಮನಾಯಿತು.

"ತಡಿಯಮ್ಮ, ಹಾಗೆ ಗೋಳು ಹುಯ್ಕೋಬೇಡ ಅದನ್ನ," ಎಂದು ಮೆಕ್ಯಾನಿಕ್ ಬಾನೆಟ್ಟಿನೊಳಗೆ ತಲೆ ತೂರಿಸಿಯೇ ಹೇಳಿದ. ಸಾವಿನ ಮನೆಗೆಂದು ಹಾಕಿಕೊಂಡು ಬಂದಿದ್ದ ಇಸ್ತ್ರಿ ಅಂಗಿಯ ತೋಳಿಗೆ ಆಗಲೇ ಗ್ರೀಸ್ ಮೆತ್ತಿತ್ತು. ಅವಳ ಅಪ್ಪನೂ ಅವನೂ ಒಂದೇ ಬಸ್ ಡಿಪೋದಲ್ಲಿ ದುಡಿದು ನಿವೃತ್ತರಾದವರು.

ಅಪ್ಪ ಒಳಗೆ ನಡುಮನೆಯಲ್ಲಿ ಮಲಗಿದ್ದರು. ಹಿಂದಿನ ದಿನ ಬೆಳಿಗ್ಗೆ ಎಬ್ಬಿಸಲು ಹೋದಾಗ ನಿದ್ದೆಯಲ್ಲಿರುವವರ ಹಾಗೇ ಇದ್ದರು, ಕೆನ್ನೆಯ ಕೆಳಗೆ ಕೈಯಿಟ್ಟುಕೊಂಡು. ನರಳಲಿಲ್ಲ, ಯಾರಿಂದಲೂ ಸೇವೆ ಮಾಡಿಸಿಕೊಳ್ಳಲಿಲ್ಲ ಎಂದು ಬಂದವರೆಲ್ಲ ಸಮಾಧಾನ ಪಟ್ಟುಕೊಳ್ಳುತ್ತಿದ್ದರು.

ಅತ್ತೆ ಬಾಗಿಲಿಗೆ ಬಂದು ನಿಂತರು. ಅಪ್ಪನ ಅಕ್ಕ, ನಿನ್ನೆಯಿಂದ ಮನೆಯ ಯಜಮಾನಿಕೆ ಅವರದೇ.

"ಅವನನ್ನ ಹೀಗೆ ಮಲಗಿಸಿಟ್ಟು ಎಲ್ಲಿಗೆ ಹೊರಟೆ ನೀನು?"

"ಆಸ್ಪತ್ರೆಗೆ ಅತ್ತೆ. ಆರು ಜನ ಕಾಯ್ತಿದ್ದಾರೆ. ಇವತ್ತು ಅವರ ಡಯಾಲಿಸಿಸ್."

"ಒಂದಿನ ಟ್ಯಾಕ್ಸೀಲಿ ಹೋಗ್ಲಿ."

"ಹೇಳಿ ನೋಡ್ದೆ. ಇಬ್ಬರು, ಹಾಗಾದ್ರೆ ಇವತ್ತು ಬಿಟ್ಟುಬಿಡ್ತೀವಿ ಅಂದ್ರು. ಬಿಟ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತಲ್ಲ. ಅಮ್ಮನ್ನ ನೋಡಿದ್ದೀರಿ."

ಅತ್ತೆ ಹೊಸ್ತಿಲು ದಾಟಿ ವ್ಯಾನಿನ ಹತ್ತಿರ ಬಂದರು. "ಬೆಳಿಗ್ಗೇನೇ ಮಣ್ಣು ಅಂತ ಎಲ್ಲರಿಗೂ ಹೇಳಿಬಿಟ್ಟಿದ್ದೀನಲ್ಲೇ."

"ಸಾಯಂಕಾಲ ಅಂತ ಹೇಳಿ."

ಮೆಕ್ಯಾನಿಕ್ ತಲೆ ಹೊರಗೆ ತೆಗೆದ. "ನಿಧಾನಿ ಯಾವತ್ತು ಟೈಮಿಗೆ ಸರಿಯಾಗಿ ಹೊರಟಿದ್ದಾನೆ ಅಕ್ಕಾ, ಇವತ್ತು ಹೊರಡೋಕೆ?"

ನಿಧಾನಿ ಎನ್ನುವುದು ಡಿಪೋದವರು ಇಟ್ಟಿದ್ದ ಹೆಸರು. ಯಾರಾದರೂ ಓಡಿ ಬರುವುದು ಕನ್ನಡಿಯಲ್ಲಿ ಕಂಡರೆ ಸಾಕು, ಅಪ್ಪ ಬಸ್ಸು ನಿಲ್ಲಿಸಿಬಿಡುತ್ತಿದ್ದರು. ಅದಕ್ಕಾಗಿ ಮೇಲಿನವರಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ. ಅತ್ತೆಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಹೋದರು.

ಕೊನೆಗೂ ವ್ಯಾನು ಗುರುಗುಟ್ಟಿತು. ಗೇಟು ದಾಟುವಾಗ ಹೆಗಲಿಗೆ ಚೀಲ ಹಾಕಿಕೊಂಡ ಹೆಂಗಸೊಬ್ಬಳು ಕೈ ಅಡ್ಡ ಹಿಡಿದಳು.

"ನಾನು ಫೌಂಡೇಶನ್‌ನಿಂದ ಬಂದಿದ್ದೀನಿ. ಅನುದಾನದ ಅರ್ಜಿ ವಿಷಯಕ್ಕೆ ಡ್ರೈವರ್ ಅವರನ್ನ ನೋಡಬೇಕಿತ್ತು. ಇವತ್ತು ಬರ್ತೀನಿ ಅಂತ ಹೇಳಿದ್ದೆ..." ಅಂಗಳದಲ್ಲಿ ನಿಂತಿದ್ದ ಜನರ ಮುಖ ನೋಡಿ ಅವಳ ದನಿ ಇಳಿಯಿತು.

"ನಿನ್ನೆ ತೀರಿಕೊಂಡ್ರು. ನಾನು ಮಗಳು. ಹತ್ಕೊಳ್ಳಿ, ದಾರೀಲಿ ಮಾತಾಡೋಣ."

ಅಲ್ಲಿಗೆ ಅನುದಾನದ ಕತೆಯೂ ಮುಗಿಯಿತು ಎಂದುಕೊಂಡಳು ಮಗಳು. ಇನ್ನು ಈ ವ್ಯಾನು ತನ್ನ ಕೊರಳಿಗೇ.

*

ಅರ್ಜಿ ಬರೆದದ್ದು ಅವಳೇ, ಕೆಲವು ತಿಂಗಳ ಹಿಂದೆ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್. ಎದುರಿಗೆ ಬಟಾಣಿ ಸುಲಿಯುತ್ತ ಅಪ್ಪ.

ಅಮ್ಮನ ಕಿಡ್ನಿ ಕೈಕೊಟ್ಟಾಗ ಕೊಂಡ ವ್ಯಾನು ಅದು. ಡಯಾಲಿಸಿಸ್ಸಿನಲ್ಲಿ ಅಮ್ಮನ ಅಕ್ಕಪಕ್ಕದ ಹಾಸಿಗೆಯವರು ವಾಪಸು ಹೋಗುವಾಗ ಬಸ್ ನಿಲ್ದಾಣದಲ್ಲೇ ಕುಸಿದು ಕೂರುವುದನ್ನು ನೋಡಿ, ಅಪ್ಪ ಅವರನ್ನೂ ಹತ್ತಿಸಿಕೊಂಡರು. ಅಮ್ಮ ಹೋದ ಮೇಲೂ ನಿಲ್ಲಿಸಲಿಲ್ಲ. ಮಗಳ ಮದುವೆಗೆ ಬಂದದ್ದೂ ರೋಗಿಗಳನ್ನು ಮನೆ ಮುಟ್ಟಿಸಿದ ಮೇಲೆಯೇ. ಈಗ ಅವರ ಕಣ್ಣು ಮಂಜಾಗತೊಡಗಿತ್ತು. ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದ ಮಗಳಿಂದ ಅದನ್ನು ಮುಚ್ಚಿಡಲು ಸಾಧ್ಯವಿರಲಿಲ್ಲ. ರೋಗಿಗಳ ಸಂಘದ ಹೆಸರಿನಲ್ಲಿ ಹಿಂದೊಮ್ಮೆ ಕಳಿಸಿದ್ದ ಅರ್ಜಿ ತಿರಸ್ಕೃತವಾಗಿತ್ತು. ಮತ್ತೆ ಅದೇ ಹೆಸರಿನಲ್ಲಿ ಈ ಎರಡನೆಯ ಅರ್ಜಿ.

"ನಿಮ್ಮ ನಂತರ ಇದನ್ನ ಯಾರು ನಡೆಸ್ತಾರೆ ಅಂತ ಕೇಳಿದ್ದಾರಪ್ಪ."

"ಹೋದ ಸಲ ಏನು ಬರೆದಿದ್ವಿ?"

"ದೇವರಿದ್ದಾನೆ ಅಂತ ಬರೆಸಿದ್ದೆ ನೀನು."

"ಅದಕ್ಕೇ ಕೊಡ್ಲಿಲ್ಲ," ಎಂದರು ಅಪ್ಪ, ಗಂಭೀರವಾಗಿ.

"ನನ್ನ ಹೆಸರು ಬರೀಲಾ?" ಕೇಳಿದವಳೇ, ಬೇಡ ಅನ್ನಲಿ ಎಂದು ಒಳಗೊಳಗೇ ಹಾರೈಸಿದಳು. ಅಂಗಡಿಯ ಕೆಲಸ, ಎರಡು ಮಕ್ಕಳು, ದಿನ ಬೆಳಗಾದರೆ ಓಟ.

ಅಪ್ಪ ಅವಳ ಮುಖ ನೋಡಲಿಲ್ಲ. ಸಿಪ್ಪೆಗಳನ್ನು ಒಂದು ಕಡೆ ಗುಡ್ಡೆ ಹಾಕಿದರು.

"ಬೇಡ. ಇದು ನನ್ನ ಹುಚ್ಚು. ನಿನಗ್ಯಾಕೆ ಅಂಟಿಸ್ಲಿ? ಹೊಸ ವ್ಯಾನ್ ಬೇಕು ಅಂತ ಬರೆದಿದ್ದೀಯಲ್ಲ, ಅದನ್ನ ಅಳಿಸು. ಡ್ರೈವರ್‌ಗೆ ಸಂಬಳ ಬೇಕು ಅಂತ ಬರಿ. ಹಳೇ ಗಾಡೀನ ಅವನು ಹೇಗೋ ರಿಪೇರಿ ಮಾಡ್ತಾನೆ." ಅವನು ಎಂದರೆ ಮೆಕ್ಯಾನಿಕ್. "ಸಂಬಳ ಇದ್ರೆ ಯಾರಾದ್ರೂ ಬರ್ತಾರೆ. ಪುಕ್ಕಟೆ ಅಂದ್ರೆ ನನ್ನಂಥೋನನ್ನೇ ಹುಡುಕಬೇಕು."

"ಇಷ್ಟು ವರ್ಷ ಪುಕ್ಕಟೆ ಓಡಿಸ್ತೀನಿ ಅಂತ ಎದೆ ತಟ್ಕೋತಿದ್ಯಲ್ಲಪ್ಪ?"

"ತಟ್ಕೊಂಡಿದ್ದು ಸಾಕು."

ಅವಳು ಅಳಿಸಿ, ಹೊಸದಾಗಿ ಬರೆದಳು.

*

ಆರೂ ಜನರನ್ನು ಒಳಗೆ ಬಿಟ್ಟು ಬಂದಾಗ ಫೌಂಡೇಶನ್ನಿನ ಹೆಂಗಸು ವ್ಯಾನಿನ ಮುಂದಿನ ಸೀಟಿನಲ್ಲೇ ಕೂತಿದ್ದಳು. ದಾರಿಯುದ್ದಕ್ಕೂ ಅವಳು ಏನೂ ಕೇಳಿರಲಿಲ್ಲ. ಹಿಂದಿನ ಸೀಟುಗಳಲ್ಲಿ ಎಲ್ಲರೂ ಅಳುತ್ತ ಕೂತಿದ್ದಾಗ ಕೇಳುವುದಾದರೂ ಏನನ್ನು?

ಮಗಳೇ ಮಾತು ತೆಗೆದಳು. "ನಿಮಗೆ ಸುಮ್ಮನೆ ಅಲೆದಾಟ ಆಯ್ತು. ಓಡಿಸ್ತಿದ್ದವರೇ ಇಲ್ಲ ಅಂದ್ಮೇಲೆ..."

"ಇಲ್ಲ ಇಲ್ಲ. ನಾನು ಪರೀಕ್ಷೆ ಮಾಡೋಕೆ ಬಂದಿದ್ದಲ್ಲ. ಮಂಜೂರಾಗಿದೆ ಅಂತ ಅವರಿಗೇ ಎದುರಿಗೆ ಹೇಳೋಣ ಅಂತ ಬಂದೆ."

ಮಗಳು ಸ್ಟೀರಿಂಗ್ ಹಿಡಿದುಕೊಂಡಳು. "ಈಗಲೂ ಕೊಡ್ತೀರಾ? ಅಪ್ಪ ಹೋದ್ಮೇಲೂ?"

"ಅವರಿಗೆ ಅಂತ ಕೊಟ್ಟಿದ್ರೆ ತೊಂದರೆ ಆಗ್ತಿತ್ತು. ಇದು ಡ್ರೈವರ್ ಸಂಬಳಕ್ಕೆ. ಸಂಘದವರು ಯಾರನ್ನ ನೇಮಿಸಿದ್ರೂ ಅವರಿಗೆ ಸಿಗುತ್ತೆ. ನೀವೇ ಓಡಿಸಬೇಕು ಅಂತೇನಿಲ್ಲ."

ಕೊನೆಯ ಮಾತನ್ನು ಅವಳು ಸಹಜವಾಗಿಯೇ ಹೇಳಿದ್ದಳು. ಮಗಳಿಗೆ ಮಾತ್ರ, ನಿನ್ನೆಯಿಂದ ಬಾರದಿದ್ದ ಅಳು ಒಮ್ಮೆಲೇ ಬಂತು. ಅತ್ತಳು, ಮೂಗು ಒರೆಸಿಕೊಂಡಳು, ಮತ್ತೆ ಅತ್ತಳು. ಆಮೇಲೆ ತಾನಾಗಿಯೇ ಅಂದಳು: "ಡ್ರೈವರ್ ಸಿಗೋತನಕ ನಾನು ನೋಡ್ಕೋತೀನಿ ಬಿಡಿ."

ವಾಪಸು ಬರುವಾಗ ಸಂಬಳ ಮಂಜೂರಾದ ಸುದ್ದಿಯನ್ನು ಮಗಳು ರೋಗಿಗಳಿಗೆ ಹೇಳಿದಳು. ಅವರಲ್ಲೊಬ್ಬ, ಸಂಘದ ಕಾರ್ಯದರ್ಶಿಯೂ ಆಗಿದ್ದ ಟೈಲರ್, ಸೀಟಿಗೆ ಒರಗಿಕೊಂಡೇ ಹೇಳಿದ:

"ಇನ್ಮೇಲೆ ಲೇಟಾದ್ರೆ ಡ್ರೈವರ್‌ನ ಬೈಬಹುದು. ನಿಮ್ಮಪ್ಪನ್ನ ಒಂದಿನಾನೂ ಬೈಯೋಕಾಗಲಿಲ್ಲ ನೋಡಮ್ಮ. ಪುಕ್ಕಟೆ ಕರ್ಕೊಂಡು ಹೋಗೋರನ್ನ ಹೇಗೆ ಬೈಯೋದು?"

ಎಲ್ಲರೂ ನಕ್ಕರು. ಮನೆಗೆ ಬಿಡುತ್ತೇನೆ ಎಂದರೆ ಯಾರೂ ಒಪ್ಪಲಿಲ್ಲ, ಸೀದಾ ಮಣ್ಣಿಗೇ ನಡಿ ಎಂದರು.

ಸ್ಮಶಾನದಲ್ಲಿ ಬಿಸಿಲು ಇಳಿದಿತ್ತು. ಅಪ್ಪನನ್ನು ಆಗಲೇ ಕುಣಿಯೊಳಗೆ ಇಳಿಸಿದ್ದರು. ಮಣ್ಣು ಹಾಕದೆ ಎಲ್ಲರೂ ಕಾಯುತ್ತಿದ್ದರು. ವ್ಯಾನು ಬಂದು ನಿಂತದ್ದು ಕಂಡು ಡಿಪೋದವರು ಸರಿದು ದಾರಿ ಬಿಟ್ಟರು. ಆರೂ ಜನ ಒಬ್ಬರಿಗೊಬ್ಬರು ಆಸರೆಯಾಗಿ ಮೆಲ್ಲಗೆ ನಡೆದುಬಂದರು. ಸೂಜಿ ಚುಚ್ಚಿದ್ದ ಕೈಗೆ ಇನ್ನೂ ಬ್ಯಾಂಡೇಜು ಇತ್ತು. ಆ ಕೈಯನ್ನು ಎದೆಗೆ ಒತ್ತಿ ಹಿಡಿದು, ಒಬ್ಬೊಬ್ಬರಾಗಿ ಬಗ್ಗಿ, ಇನ್ನೊಂದು ಕೈಯಲ್ಲಿ ಮಣ್ಣು ಹಾಕಿದರು.