ಒಗೆಯದೆ ಕಳಿಸಿದವಳು

ನಮ್ಮ ದೊಡ್ಡಮ್ಮ ಬಟ್ಟೆಯನ್ನು ಮೂಗಿನಿಂದ ಓದುತ್ತಿದ್ದಳು. ಇದು ಅಲಂಕಾರಕ್ಕೆ ಹೇಳುತ್ತಿರುವ ಮಾತಲ್ಲ. ಸರೋವರದ ದಂಡೆಯ ಮೇಲಿದ್ದ ಇನ್ನೂರು ಕೋಣೆಗಳ ಹೋಟೆಲಿನ ನೆಲಮಾಳಿಗೆಯಲ್ಲಿ, ಲಾಂಡ್ರಿ ವಿಭಾಗದಲ್ಲಿ, ಇಪ್ಪತ್ತೇಳು ವರ್ಷ ದುಡಿದ ಆಕೆ ಒಂದು ದಿಂಬಿನ ಕವರನ್ನು ಮುಖದ ಹತ್ತಿರ ಹಿಡಿದು, ಕಣ್ಣನ್ನು ಅರೆಮುಚ್ಚಿ, ಒಮ್ಮೆ ಉಸಿರೆಳೆದುಕೊಂಡು, ಇದರ ಮೇಲೆ ತಲೆಯಿಟ್ಟವರು ಎಣ್ಣೆ ಹಚ್ಚುವವರೋ, ಕೂದಲಿಗೆ ಬಣ್ಣ ಬಳಿಯುವವರೋ, ದಿನವಿಡೀ ಪ್ರವಾಸಿ ಬಸ್ಸಿನ ತೆರೆದ ಕಿಟಕಿಯ ಪಕ್ಕ ಕೂತು ಡೀಸೆಲ್ ಹೊಗೆ ಕುಡಿದು ಬಂದವರೋ, ಇಲ್ಲಾ ಮಲಗುವ ಮುಂಚೆ ಅತ್ತವರೋ ಎಂದು ಹೇಳಿಬಿಡುತ್ತಿದ್ದಳು. ಅತ್ತವರನ್ನು ವಾಸನೆಯಿಂದ ಹೇಗೆ ಕಂಡುಹಿಡಿಯುತ್ತೀಯೆಂದು ನಾನೊಮ್ಮೆ ಕೇಳಿದ್ದೆ. "ಹಾಗೇನಿಲ್ಲ. ಅತ್ತವರು ಕವರನ್ನ ಒಳಗಿಂದ ಹೊರಗೆ ಮಗುಚಿ ಹಾಕಿರ್ತಾರೆ, ಅಷ್ಟೇ," ಎಂದಳು.

ಈ "ಹಾಗೇನಿಲ್ಲ" ಎನ್ನುವುದು ಅವಳ ಎಲ್ಲ ಮಾತಿನ ಹೊಸಿಲು. ಅದನ್ನು ದಾಟದೆ ಒಳಗೆ ಹೋಗುವ ಹಾಗಿರಲಿಲ್ಲ. ಊಟ ಆಯಿತೇ ದೊಡ್ಡಮ್ಮ ಎಂದರೆ "ಹಾಗೇನಿಲ್ಲ, ಆಯ್ತು" ಎನ್ನುವಳು. ಮೈ ಹುಷಾರಿಲ್ಲವೇ ಎಂದರೆ "ಹಾಗೇನಿಲ್ಲ, ಸ್ವಲ್ಪ ಜ್ವರ" ಎನ್ನುವಳು. ತನ್ನ ಮದುವೆಯ ದಿನ ಹುಡುಗ ಒಪ್ಪಿಗೆಯೇ ಎಂದು ಅಜ್ಜ ಕೇಳಿದಾಗಲೂ ಅದನ್ನೇ ಅಂದು ಮನೆಯವರಿಗೆಲ್ಲ ಒಂದು ಕ್ಷಣ ಎದೆ ಧಸಕ್ಕೆನಿಸಿದ್ದಳಂತೆ. ಒದ್ದೆ ಬಟ್ಟೆಯ ಬುಟ್ಟಿಗಳನ್ನು ವರ್ಷಾನುಗಟ್ಟಲೆ ಹೊತ್ತು ಅವಳ ಎಡಭುಜ ಬಲಭುಜಕ್ಕಿಂತ ಎರಡು ಬೆರಳಿನಷ್ಟು ತಗ್ಗಿತ್ತು. ಪಕ್ಕದಲ್ಲಿ ಯಾರೋ ಕುಳ್ಳಗಿನವರು ಗುಟ್ಟು ಹೇಳುತ್ತಿರುವಂತೆ ಆ ಕಡೆಗೆ ವಾಲಿಕೊಂಡು ನಡೆಯುತ್ತಿದ್ದಳು. ಹೋಟೆಲಿನವರು ಕೊಟ್ಟ ನೀಲಿ ಕೋಟಿಗೆ ತಾನೇ ಇನ್ನೆರಡು ಜೇಬು ಹೊಲಿದುಕೊಂಡಿದ್ದಳು. ಹಾಸುಗಳ ಮಡಿಕೆಯಲ್ಲಿ ಸಿಕ್ಕ ಗುಂಡಿ, ಪಿನ್ನು, ಓಲೆ, ಒಮ್ಮೆ ಯಾರದೋ ಕಟ್ಟಿಸಿದ ಹಲ್ಲು, ಎಲ್ಲವೂ ಸಂಜೆಯವರೆಗೆ ಅವುಗಳಲ್ಲಿ ಕೂತಿದ್ದು ಆಮೇಲೆ ಮುಂಬಾಗಿಲಿನ ಕೌಂಟರಿಗೆ ಹೋಗುತ್ತಿದ್ದವು.

ನಮ್ಮ ಮನೆಗೆ ಬಂದರೆ ನಮಗೆ ಒಳಗೊಳಗೇ ಭಯ. ಬಂದವಳು ಚಪ್ಪಲಿ ಬಿಟ್ಟು ನೇರ ಬಚ್ಚಲುಮನೆಯ ಪಕ್ಕದ ವಾಷಿಂಗ್ ಮೆಷಿನ್ನಿನ ಮುಚ್ಚಳ ತೆಗೆದು, ಒಳಗಿನಿಂದ ನನ್ನ ಒಂದು ಅಂಗಿಯನ್ನು ಎಳೆದು ಮೂಸಿ, ಅದನ್ನು ಹಾಗೇ ಹ್ಯಾಂಗರಿಗೆ ತೂಗುಹಾಕುತ್ತಿದ್ದಳು. ನನ್ನ ಹೆಂಡತಿ, ಇವಳೂ ಏನು ಕಡಿಮೆಯವಳಲ್ಲ, "ದೊಡ್ಡಮ್ಮ, ಅವರು ನಿನ್ನೆ ಹಾಕಿದ್ದು ಅದು," ಎಂದರೆ, "ಹಾಕಿದ್ದು ಸರಿ, ಕೊಳೆ ಮಾಡಿಲ್ವಲ್ಲ. ಇವನು ಕೂತಲ್ಲೇ ಬರೆಯೋನು, ಬೆವರೋಕೆ ಏನು ಕೆಲಸ ಮಾಡ್ತಾನೆ?" ಎನ್ನುವಳು. ನನ್ನ ಸಾಹಿತ್ಯವೃತ್ತಿಯ ಬಗ್ಗೆ ಇಷ್ಟು ಕರಾರುವಾಕ್ಕಾದ ವಿಮರ್ಶೆಯನ್ನು ಇನ್ನಾರೂ ಮಾಡಿಲ್ಲ.

ಇದು ಜಿಪುಣತನವೆಂದು ನಾವು ಬಹಳ ಕಾಲ ನಂಬಿಕೊಂಡಿದ್ದೆವು. ಒಂದು ಮಧ್ಯಾಹ್ನ ಅವಳ ನೆಲಮಾಳಿಗೆಯಲ್ಲಿ ಎರಡು ಗಂಟೆ ಕೂತ ಮೇಲೆ ನನ್ನ ನಂಬಿಕೆ ಸಡಿಲವಾಯಿತು. ಹೋಟೆಲಿನ ನಿಯಮ ಬಹಳ ಸರಳ. ಅತಿಥಿ ಇರಲಿ ಹೋಗಲಿ, ಬೆಳಗಾದರೆ ಕೋಣೆಯ ಬಟ್ಟೆಯೆಲ್ಲ ಕೆಳಗಿಳಿಯಬೇಕು, ಒಗೆದು ಮೇಲೆ ಹತ್ತಬೇಕು. ಒಬ್ಬರಿಗೆ ನಾಲ್ಕು ಟವೆಲ್, ಕೋಣೆಗೆ ಎರಡು ಮಂಚ. ಒಬ್ಬರೇ ಬಂದಿಳಿದ ಕೋಣೆಯಲ್ಲಿ ಎರಡನೆಯ ಮಂಚದ ಹಾಸು ಹೇಗೆ ಹೋಗಿತ್ತೋ ಹಾಗೇ, ಒಂದು ಸುಕ್ಕೂ ಇಲ್ಲದೆ ಗಾಡಿಯಲ್ಲಿ ಬಿದ್ದು ಬರುತ್ತಿತ್ತು. ದೊಡ್ಡಮ್ಮ ಅಂಥವನ್ನು ಮೊದಲು ಕಣ್ಣಿನಿಂದ, ಆಮೇಲೆ ಅಂಗೈಯ ಹಿಂಭಾಗದಿಂದ, ಕೊನೆಗೆ ಮೂಗಿನಿಂದ ಪರೀಕ್ಷಿಸಿ ಬೇರೆ ರಾಶಿ ಹಾಕುತ್ತಿದ್ದಳು. ಆ ರಾಶಿಗೆ ಅವಳು ಇಟ್ಟ ಹೆಸರು "ಸುಮ್ಮನೆ ಬಂದವು". ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುತ್ತಿದ್ದ ಹೆಂಗಸು, ಎಲ್ಲರೂ ಇಸ್ತ್ರಿ ಅಕ್ಕ ಎಂದೇ ಕರೆಯುತ್ತಿದ್ದ ಮಿತಭಾಷಿ, ಅವುಗಳ ಮೇಲೊಮ್ಮೆ ಬಿಸಿ ಹಾಯಿಸಿ, ಮಡಿಸಿ, ಒಗೆದವುಗಳ ಜೊತೆ ಮೇಲೆ ಕಳಿಸುತ್ತಿದ್ದಳು. ಹನ್ನೊಂದು ವರ್ಷ ಹೀಗೆ ನಡೆದಿತ್ತು. ಇಬ್ಬರ ಹೊರತು ಯಾರಿಗೂ ಗೊತ್ತಿರಲಿಲ್ಲ.

ಸಿಕ್ಕಿಬಿದ್ದರೆ ಏನು ಗತಿ ಎಂದೆ. ಆಕೆ ನನ್ನನ್ನು ಹೊರಗೆ ಕರೆದುಕೊಂಡು ಹೋಗಿ ಹೋಟೆಲಿನ ಹಿಂದಿನ ಬೀದಿಯನ್ನು ತೋರಿಸಿದಳು. ಅವಳ ಮನೆಯಿದ್ದುದು ಆ ಬೀದಿಯಲ್ಲೇ. ಹೋಟೆಲಿಗೆ ಎರಡನೆಯ ಕಟ್ಟಡ ಎದ್ದು, ಹೊಸ ಕೊಳವೆಬಾವಿಗಳು ಇಳಿದ ವರ್ಷದಿಂದ ಆ ಬೀದಿಯ ಬಾವಿಗಳ ನೀರು ಕೆಳಕೆಳಗೆ ಜಾರುತ್ತ ಬಂದಿತ್ತು. ಬೇಸಿಗೆ ಬಂತೆಂದರೆ ಅವಳ ಹಿತ್ತಿಲಿನ ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಗಂಟುಬೀಳುತ್ತಿತ್ತು. ಅತ್ತ ದೊಡ್ಡ ರಸ್ತೆಯಲ್ಲಿ ಪ್ರವಾಸಿ ಬಸ್ಸುಗಳು ಇಂಜಿನ್ನು ಆರಿಸದೆ ಸಾಲಾಗಿ ನಿಂತು ಗುರುಗುಟ್ಟುತ್ತಿದ್ದವು. ಇತ್ತ ಲಾಂಡ್ರಿಯ ಕೊಳವೆಯಿಂದ ಬೆಳ್ಳನೆಯ ನೊರೆ ಸರೋವರದ ಒಂದು ಮೂಲೆಗೆ ಇಳಿಯುತ್ತಿತ್ತು. ಆ ಮೂಲೆಯಲ್ಲಿ ಈಗ ಯಾರೂ ಗಾಳ ಹಾಕುವುದಿಲ್ಲವೆಂದಳು. "ಹಾಗೇನಿಲ್ಲ ಕಣೋ, ಕೊಳೆ ಆದದ್ದನ್ನ ಒಗೆಯೋದಕ್ಕೆ ನನಗೇನು ಬೇಜಾರಿಲ್ಲ, ಅದು ನನ್ನ ಕೆಲಸ. ಯಾರೂ ಮುಟ್ಟದೇ ಇರೋ ಟವೆಲ್ಲನ್ನ ನಮ್ಮ ಬೀದಿಯ ನೀರಲ್ಲಿ ಯಾಕೆ ಮುಳುಗಿಸಬೇಕು ಹೇಳು?" ಊರೂರು ತಿರುಗಿ ಪರಿಸರದ ಮೇಲೆ ಭಾಷಣ ಬಿಗಿಯುವ ನಾನು, ತಂಗಿದ ಹೋಟೆಲುಗಳಲ್ಲೆಲ್ಲ ಕೈ ಒರೆಸಿದ ಟವೆಲ್ಲನ್ನು ನೆಲಕ್ಕೆಸೆದು ಬಂದವನೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ನಿವೃತ್ತಿಗೆ ಇನ್ನು ಒಂದೂವರೆ ವರ್ಷ ಇರುವಾಗ ದೊಡ್ಡಮ್ಮನಿಗೆ ನೆಗಡಿಯಾಯಿತು. ಮೂಗು ಕಟ್ಟಿದ್ದರೂ ರಜೆ ಹಾಕಲಿಲ್ಲ. ತಾನಿಲ್ಲದ ದಿನ ಸುಮ್ಮನೆ ಬಂದವೆಲ್ಲ ಮೆಷಿನ್ನಿಗೆ ಬೀಳುತ್ತವೆಂಬ ಸಂಕಟ ಅವಳದು. ಆ ದಿನ ಕಣ್ಣಿಗೂ ಕೈಗೂ ಶುಭ್ರವಾಗಿ ಕಂಡ ಒಂದು ಟವೆಲ್ಲನ್ನು ಎಂದಿನಂತೆ ಮುಖಕ್ಕೆ ಹಿಡಿದಳು, ಏನೂ ತಿಳಿಯಲಿಲ್ಲ, ಏನೂ ಇಲ್ಲವೆಂದೇ ತಿಳಿದು ಸುಮ್ಮನೆ ಬಂದವುಗಳ ರಾಶಿಗೆ ಹಾಕಿದಳು. ಯಾರೋ ಅತಿಥಿ ಮಂಡಿನೋವಿಗೆ ಖಾರದ ಮುಲಾಮು ತಿಕ್ಕಿಕೊಂಡು ಅದರಲ್ಲಿ ಒರೆಸಿ, ನೀಟಾಗಿ ಮಡಿಸಿಟ್ಟು ಹೋಗಿದ್ದರು. ಇಸ್ತ್ರಿಯ ಬಿಸಿಗೆ ಆ ಘಾಟು ಎದ್ದಿರಲೇಬೇಕು. ಆದರೆ ಇಸ್ತ್ರಿ ಅಕ್ಕ ತನ್ನ ಮಣಿಕಟ್ಟಿನ ನೋವಿಗೆ ದಿನವೂ ಅಂಥದೇ ಮುಲಾಮು ಹಚ್ಚುವವಳು. ತನ್ನದೇ ಕೈಯ ವಾಸನೆಯೆಂದುಕೊಂಡಳು.

ಮಾರನೆಯ ಬೆಳಿಗ್ಗೆ ಮೂರನೆಯ ಮಹಡಿಯಲ್ಲಿ ನಾಲ್ಕು ದಿನದಿಂದ ಒಬ್ಬಳೇ ತಂಗಿದ್ದ ಪ್ರವಾಸಿ ಹೆಂಗಸು ಆ ಟವೆಲ್ಲಿನಿಂದ ಮುಖ ಒರೆಸಿಕೊಂಡಳು. ಕಣ್ಣು ಉರಿದು, ಕೆಂಪೇರಿ, ಊದಿಕೊಂಡಿತು. ವೈದ್ಯರು ಬಂದು ತೊಳೆದರು, ಸಂಜೆಗೆ ಇಳಿಯುತ್ತದೆಂದು ಹೇಳಿದರು. ಅಷ್ಟರಲ್ಲಿ ಅವಳ ದೋಣಿವಿಹಾರ ತಪ್ಪಿಹೋಗಿತ್ತು, ಹೋಟೆಲಿನಲ್ಲಿ ರಂಪವೇ ಆಗಿತ್ತು. ಮ್ಯಾನೇಜರು ಟವೆಲ್ಲನ್ನು ಕೈಯಲ್ಲಿ ಹಿಡಿದು ನೆಲಮಾಳಿಗೆಗೆ ಇಳಿದರು. ಮೂಲ ಹುಡುಕುವುದೇನೂ ಕಷ್ಟವಾಗಲಿಲ್ಲ. ಲಾಂಡ್ರಿಯಲ್ಲಿ ಮುಲಾಮಿನ ವಾಸನೆ ಇದ್ದದ್ದು ಒಬ್ಬಳ ಕೈಯಲ್ಲಿ ಮಾತ್ರ. ಹೋಟೆಲಿನ ಟವೆಲ್ಲಿನಲ್ಲಿ ಕೈ ಒರೆಸಿದ್ದಾಳೆ, ನಾಳೆಯಿಂದ ಬರುವುದು ಬೇಡ ಎಂದಾಯಿತು. ಹನ್ನೊಂದು ವರ್ಷದ ಗುಟ್ಟನ್ನು ಅಂದು ಇಸ್ತ್ರಿ ಅಕ್ಕ ಬಾಯಿಬಿಟ್ಟಿದ್ದರೆ ಅವಳ ಕೆಲಸ ಉಳಿಯುತ್ತಿತ್ತು. ಬಿಡಲಿಲ್ಲ.

"ಊಟದ ಹೊತ್ತು ಪೂರ್ತಿ ನಾನೂ ಸುಮ್ಮನಿದ್ದೆ ಕಣೋ," ಎಂದು ದೊಡ್ಡಮ್ಮ ಆಮೇಲೆ ನನಗೆ ಹೇಳಿದಳು. ಅಂದು ಮಾತ್ರ ಹೊಸಿಲು ದಾಟದೆ ನೇರವಾಗಿ ಹೇಳಿದಳು. "ನಾನು ಸಿಕ್ಕಿಬಿದ್ರೆ ನನ್ನ ಕೆಲಸ ಹೋಗುತ್ತೆ, ಬಟ್ಟೆ ಬೇರೆ ಮಾಡೋದೂ ನಿಲ್ಲುತ್ತೆ. ಅವಳು ಹೋದ್ರೆ ಅವಳೊಬ್ಬಳು ಹೋಗ್ತಾಳೆ. ಹಿಂಗೆಲ್ಲ ಯೋಚನೆ ಮಾಡ್ದೆ. ಆ ಒಂದು ಗಂಟೆ ನೆನೆಸ್ಕೊಂಡ್ರೆ ಈಗಲೂ ನಾಚಿಕೆ ಆಗುತ್ತೆ."

ಗಂಟೆ ಕಳೆದ ಮೇಲೆ ಅವಳು ನೀಲಿ ಕೋಟಿನಲ್ಲೇ, ಇಷ್ಟು ವರ್ಷದಲ್ಲಿ ಮೊದಲ ಸಲ ಅತಿಥಿಗಳ ಲಿಫ್ಟಿನಲ್ಲಿ, ಮೂರನೆಯ ಮಹಡಿಗೆ ಹೋದಳು. ಕಣ್ಣಿಗೆ ಹತ್ತಿ ಒತ್ತಿಕೊಂಡಿದ್ದ ಆ ಹೆಂಗಸಿಗೆ, ಟವೆಲ್ ಒಗೆದಿರಲಿಲ್ಲವೆಂದೂ ಒಗೆಯದೆ ಕಳಿಸಿದವಳು ತಾನೆಂದೂ ಹೇಳಿ ಕ್ಷಮೆ ಕೇಳಿದಳು. ನಾಲ್ಕು ದಿನವೂ ಹೀಗೇ ಕೊಟ್ಟಿರಾ ಎಂದು ಆಕೆ ಸಿಟ್ಟಿನಿಂದ ಕೇಳಿದಳಂತೆ. ದೊಡ್ಡಮ್ಮನಿಗೆ ಸುಳ್ಳು ಹೇಳಲು ಇದಕ್ಕಿಂತ ಒಳ್ಳೆಯ ಸಂದರ್ಭ ಇರಲಿಲ್ಲ. "ಹಾಗೇನಿಲ್ಲಮ್ಮ. ಪಕ್ಕದ ಮಂಚದ ಹಾಸು ಮಾತ್ರ ನಾಲ್ಕು ದಿನಾನೂ ಒಗೆದಿಲ್ಲ. ಅದರ ಮೇಲೆ ನೀವು ಮಲಗಲೇ ಇಲ್ವಲ್ಲ," ಎಂದಳು. ಬಾಗಿಲು ಮುಚ್ಚಿತು.

ಅಲ್ಲಿಂದ ಇಳಿದು ಮ್ಯಾನೇಜರ ಕೋಣೆಗೆ ಹೋದಳು. ಆತ ಕೆಟ್ಟ ಮನುಷ್ಯನಲ್ಲ, ಕೇಳಿ ತಲೆಯ ಮೇಲೆ ಕೈ ಹೊತ್ತುಕೊಂಡರು. "ಎಷ್ಟು ದಿನದಿಂದ ನಡೀತಿದೆ ಇದು?"

"ಹಾಗೇನಿಲ್ಲ ಸಾರ್, ಹನ್ನೊಂದು ವರ್ಷ."

"ಎಲ್ಲಾನೂ ಒಗೀಬೇಕು ಅನ್ನೋದು ಮೇಲಿಂದ ಬಂದಿರೋ ನಿಯಮ ಅಮ್ಮ. ನನ್ನ ಕೈಯಲ್ಲಿಲ್ಲ."

"ಮೇಲೆ ಅಂದ್ರೆ ಎಷ್ಟನೇ ಮಹಡಿ ಸಾರ್? ನಾನೇ ಹೋಗಿ ಕೇಳ್ಕೊಂಡು ಬರ್ತೀನಿ."

ಆತ ನಕ್ಕರೋ ನಿಟ್ಟುಸಿರು ಬಿಟ್ಟರೋ ಅವಳಿಗೆ ತಿಳಿಯಲಿಲ್ಲ. ಇಸ್ತ್ರಿ ಅಕ್ಕನನ್ನು ಉಳಿಸಿಕೊಂಡರು. ದೊಡ್ಡಮ್ಮನನ್ನು ಹೊರಗೆ ಹಾಕುವಷ್ಟು ಮನಸ್ಸು ಬಾರದೆ, ಬಟ್ಟೆ ವಿಂಗಡಿಸುವ ಕೆಲಸದಿಂದ ತೆಗೆದು, ಹರಿದ ಹಾಸುಗಳಿಗೆ ಹೊಲಿಗೆ ಹಾಕುವ ಮೂಲೆಯ ಮೇಜಿಗೆ ಕೂಡಿಸಿದರು. ಮೆಷಿನ್ನುಗಳ ಬಳಿ ಸುಳಿಯಬಾರದೆಂದು ಕಟ್ಟಪ್ಪಣೆಯಾಯಿತು. ಅಂದಿನಿಂದ ಗಾಡಿಗೆ ಗಾಡಿಯೇ, ಮುಟ್ಟಿದ್ದು ಮುಟ್ಟದ್ದು ಎನ್ನದೆ, ಅವಳ ಕಣ್ಣೆದುರೇ ನೀರಿಗೆ ಬೀಳತೊಡಗಿತು. ಅವಳ ಅನ್ನ ಉಳಿದಿತ್ತು. ಅವಳು ಅನ್ನಕ್ಕಿಂತ ಹೆಚ್ಚು ಜೋಪಾನ ಮಾಡಿದ್ದು ಹೋಗಿತ್ತು. ಆ ದಿನಗಳಲ್ಲಿ ನಮ್ಮ ಮನೆಗೆ ಬಂದರೂ ಮೆಷಿನ್ನಿನ ಮುಚ್ಚಳ ತೆಗೆಯುತ್ತಿರಲಿಲ್ಲ. ನನ್ನ ಹೆಂಡತಿ ಬೇಕೆಂದೇ ನನ್ನ ಅಂಗಿಗಳನ್ನು ಅವಳ ಕೈಗೆಟಕುವ ಹಾಗೆ ಹರಡಿಟ್ಟು ನೋಡಿದಳು. ದೊಡ್ಡಮ್ಮ ಅತ್ತ ತಿರುಗಲಿಲ್ಲ. ನನಗೆ ಅವಳನ್ನು ನೋಡಲು ಸಂಕಟವಾಗುತ್ತಿತ್ತು.

ಆರು ವಾರ ಕಳೆದಿರಬಹುದು. ಒಂದು ಭಾನುವಾರ ಬಂದವಳ ಮುಖದಲ್ಲಿ ಏನೋ ಕಳೆ ಇತ್ತು. ಹೊಲಿಗೆಯ ಮೇಜಿನಿಂದ ತಲೆಯೆತ್ತಿದಾಗ, ಇಸ್ತ್ರಿ ಅಕ್ಕ ಗಾಡಿಯಿಂದ ಒಂದು ಹಾಸನ್ನು ಎತ್ತಿ, ಬೆಳಕಿಗೆ ಹಿಡಿದು, ಅಂಗೈಯ ಹಿಂಭಾಗವನ್ನು ಅದರ ಮೇಲೆ ಸವರಿ, ಅತ್ತಿತ್ತ ನೋಡಿ, ಮೆಷಿನ್ನಿಗೆ ಹಾಕದೆ ತನ್ನ ಮೇಜಿಗೆ ಒಯ್ದುದನ್ನು ಕಂಡಳಂತೆ. ಇಬ್ಬರ ಕಣ್ಣೂ ಒಮ್ಮೆ ಕೂಡಿದವು. ದೊಡ್ಡಮ್ಮ ಸೂಜಿಗೆ ದಾರ ಪೋಣಿಸತೊಡಗಿದಳು.

"ಮತ್ತೆ ಯಾರಿಗಾದ್ರೂ ಕಣ್ಣು ಊದಿದ್ರೆ?" ಎಂದೆ.

"ಹಾಗೇನಿಲ್ಲ. ಅವಳು ನನಗಿಂತ ಜಾಣೆ. ಮುಲಾಮು ಹಚ್ಚೋದನ್ನ ಬಿಟ್ಟಿದ್ದಾಳೆ, ಕೈ ನೋವು ತಡ್ಕೊಂಡಿದ್ದಾಳೆ. ಟವೆಲ್ ಅಂತೂ ಮುಟ್ಟೋದೇ ಇಲ್ಲ, ಯಾರೂ ಮಲಗದ ಮಂಚದ ಹಾಸು ಮಾತ್ರ," ಎಂದು ಹೇಳಿ, ಎದ್ದು ಹೋಗಿ ನಮ್ಮ ಮೆಷಿನ್ನಿನ ಮುಚ್ಚಳ ತೆಗೆದಳು.

ಸೂರೆಯಾಗುತ್ತಿರುವ ವಸ್ತುವಿನ ಪಕ್ಕದಲ್ಲಿ ಕೂತು, ತಮ್ಮ ಕೈಗೆ ಸಿಕ್ಕಷ್ಟನ್ನು ಹಿಂದಕ್ಕೆ ಎಳೆದಿಟ್ಟುಕೊಳ್ಳುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ಅವರು ಸಭೆಗಳಿಗೆ ಬರುವುದಿಲ್ಲ, ಅವರ ಮಾತು ಯಾವ ವರದಿಗೂ ಸೇರುವುದಿಲ್ಲ, ಮನೆಯವರು ಅವರನ್ನು ಜಿಪುಣರೆನ್ನುತ್ತಾರೆ, ಯಜಮಾನರು ಅವಿಧೇಯರೆನ್ನುತ್ತಾರೆ. ಅವರಿಂದಲೂ ತಪ್ಪಾಗುತ್ತದೆ, ಒಂದು ಗಂಟೆಯ ಹೇಡಿತನ ಅವರಿಗೂ ತಪ್ಪಿದ್ದಲ್ಲ. ಅಂಥವರೊಬ್ಬರು ಸಿಕ್ಕಿಬಿದ್ದಾಗಷ್ಟೇ ಅವರು ಇದ್ದರೆಂಬುದು ನಮಗೆ ಗೊತ್ತಾಗುತ್ತದೆ. ಇನ್ನೂ ಸಿಕ್ಕಿಬೀಳದೆ ಉಳಿದವರು ಎಷ್ಟು ಮಂದಿಯೋ ಹೇಳಲಾರೆ, ಆದರೆ ನಾವು ಕುಡಿಯುವ ನೀರು ಇನ್ನೂ ಇರುವುದು ಅವರಿಂದ.