ಕ್ಷೌರಿಕನ ಪರಿಹಾರದ ಅರ್ಜಿ

ಕಟಿಂಗ್ ಶಾಪಿನಲ್ಲಿ ಕಳ್ಳರ ಸಂಖ್ಯೆ ವಾರದಿಂದ ವಾರಕ್ಕೆ ಏರುತ್ತಿತ್ತು. ಮೊದಲ ವಾರ ಇಬ್ಬರಿದ್ದರು. ತಿಂಗಳು ತುಂಬುವಷ್ಟರಲ್ಲಿ ನಾಲ್ವರಾದರು, ಅವರಲ್ಲಿ ಒಬ್ಬನ ಕೈಗೆ ಮಚ್ಚೂ ಬಂದಿತ್ತು.

"ಅಟ್ಟಾಡಿಸ್ಕೊಂಡು ಬಾರಿಸಿದೆ ಸಾರ್, ಒಬ್ಬೊಬ್ಬನನ್ನೂ," ಎಂದು ಕ್ಷೌರಿಕ ಕನ್ನಡಿಯಲ್ಲಿ ಗಿರಾಕಿಯ ಮುಖ ನೋಡುತ್ತಾ ಬಡಾಯಿ ಕೊಚ್ಚುತ್ತಿದ್ದ. ಕುತ್ತಿಗೆಯ ಹತ್ತಿರ ರೇಜರ್ ಇರುವಾಗ ಯಾವ ಗಿರಾಕಿ ತಾನೇ ಅಡ್ಡ ಮಾತಾಡಿಯಾನು?

ನಿಜವಾಗಿ ಬಂದವನು ಒಬ್ಬನೇ. ಬೆಳಿಗ್ಗೆ ಶಟರ್ ಎತ್ತಲು ಬಗ್ಗಿದಾಗ ಕಬ್ಬಿಣದ ಸರಳಿನಿಂದ ಬಲಗೈ ಮಣಿಕಟ್ಟಿಗೆ ಹೊಡೆದು ಫೋನು ಕಿತ್ತುಕೊಂಡಿದ್ದ. ಆಮೇಲೆ ಓಡುವ ಗೋಜಿಗೂ ಹೋಗದೆ ನಡೆದುಕೊಂಡೇ ಹೊರಟುಹೋಗಿದ್ದ. ಕ್ಷೌರಿಕ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದ. ಇದು ಅವನನ್ನು ಪೊಲೀಸ್ ಠಾಣೆಗೂ ಆಸ್ಪತ್ರೆಗೂ ಕರೆದುಕೊಂಡು ಹೋದ ಹೆಂಡತಿಗೆ ಮಾತ್ರ ಗೊತ್ತಿತ್ತು.

ಮುರಿದ ಮೂಳೆ ಸೊಟ್ಟಗೆ ಕೂಡಿಕೊಂಡು ನರವನ್ನು ಒತ್ತುತ್ತಿತ್ತು. ಎರಡು ತಿಂಗಳೊಳಗೆ ಆಪರೇಷನ್ ಆಗದಿದ್ದರೆ ಹೆಬ್ಬೆರಳು ಇನ್ನು ಕತ್ತರಿ ಹಿಡಿಯುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅಷ್ಟು ಹಣ ಮನೆಯಲ್ಲಿ ಇರಲಿಲ್ಲ.

ಹೆಂಡತಿ ಒಂದು ದಿನ ಅರ್ಜಿ ಹಿಡಿದು ಬಂದಳು. "ಇಲ್ಲೊಂದು ಸಹಿ ಹಾಕಿ. ಏಟು ತಿಂದೋರಿಗೆ ಪರಿಹಾರ ಕೊಡ್ತಾರಂತೆ."

"ಕಳ್ಳನೇ ಸಿಕ್ಕಿಲ್ಲ, ಕೊಡೋರ್ಯಾರೇ?"

"ಸಿಗದಿದ್ರೂ ಸರ್ಕಾರ ಕೊಡತ್ತೆ. ಕಾನೂನು ನೆರವಿನ ಕಚೇರೀಲಿ ಮೂರು ಸಲ ಕೇಳಿ ಖಾತ್ರಿ ಮಾಡ್ಕೊಂಡಿದೀನಿ."

"ಒದೆ ತಿಂದಿದ್ದಕ್ಕೆ ಬಹುಮಾನ ಇಸ್ಕೊಂಡ ಅಂತ ಜನ ನಗಲ್ವಾ? ನನ್ನ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆ ಇಟ್ಕೊಂಡು ಎಷ್ಟು ತಲೆ ಕಟಿಂಗ್ ಮಾಡ್ತೀರ್ರೀ?"

ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡು ಅವನು ಸಹಿ ಹಾಕಿದ. ವಿಚಾರಣೆಗೆ ಅಂಗಡಿಗೇ ಬರುತ್ತಾರೆಂಬುದು ಅವನ ತಲೆಗೆ ಹೊಳೆದಿರಲಿಲ್ಲ.

ಬಂದರು, ಅದೂ ಭಾನುವಾರ, ಬೆಂಚು ತುಂಬಿದ್ದಾಗ. ಕುರ್ಚಿಯಲ್ಲಿ ಲಾರಿ ಡ್ರೈವರ್ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತಿದ್ದ. ಫೈಲು ಹಿಡಿದ ಅಧಿಕಾರಿಣಿ ಬಾಗಿಲಲ್ಲೇ ನಿಂತು ಕೇಳಿದರು. "ಬಲಗೈ ಕೆಲಸಕ್ಕೆ ಬರ್ತಿಲ್ಲ ಅಂತ ಅರ್ಜಿ ಕೊಟ್ಟೋರು ನೀವೇನಾ?"

ಬೆಂಚಿನವರೆಲ್ಲ ಪೇಪರ್ ಇಳಿಸಿ ನೋಡಿದರು. ಕ್ಷೌರಿಕನ ಮುಖ ಹುಳ್ಳಗಾಯಿತು. "ನನ್ನ ಕೈಗೇನಾಗಿದೆ ಮೇಡಂ? ಕಲ್ಲುಗುಂಡಿನ ಹಾಗಿದೆ!"

"ಹಾಗಾದ್ರೆ ಇವರ ಶೇವ್ ಮುಗಿಸಿ. ನೋಡಿ ಬರ್ಕೊಂಡು ಹೋಗ್ತೀನಿ," ಎಂದು ಆಕೆ ಪೆನ್ನು ತೆಗೆದರು.

ಕ್ಷೌರಿಕ ರೇಜರ್ ಎತ್ತಿಕೊಂಡ. ಅದು ಅವನ ಕೈಯಲ್ಲಿ ತನ್ನಿಷ್ಟ ಬಂದ ಹಾಗೆ ನಡುಗಿತು. ಡ್ರೈವರ್ ಕುರ್ಚಿಯ ಕೈಗಳನ್ನು ಭದ್ರವಾಗಿ ಹಿಡಿದುಕೊಂಡು ಕಣ್ಣು ಮುಚ್ಚಿದ. ಆದರೂ ಪಾಪ, ಎದ್ದು ಓಡಲಿಲ್ಲ, ಕುತ್ತಿಗೆ ಎತ್ತಿ ಕೊಟ್ಟ. ಅವನ ಗಲ್ಲದ ಕೆಳಗೆ ಹೋದ ಭಾನುವಾರದ ಗಾಯ ಇನ್ನೂ ಮಾಸಿರಲಿಲ್ಲ. ಅಂದು ಅವನೇ "ನಾನೇ ಅಲ್ಲಾಡಿದೆ ಬಿಡಪ್ಪ" ಎಂದಿದ್ದ. ಕ್ಷೌರಿಕನ ಕಣ್ಣು ಈಗ ಆ ಗಾಯದ ಮೇಲೆ ನಿಂತಿತು. ತನ್ನ ಬಡಾಯಿಯ ಮಾನ ಉಳಿಸಲು ಈ ಮನುಷ್ಯ ವಾರವಾರವೂ ರಕ್ತ ಕೊಡುತ್ತಿದ್ದಾನೆ!

ಅವನು ರೇಜರ್ ಕೆಳಗಿಟ್ಟ.

"ಆಗಲ್ಲ ಮೇಡಂ. ಹೆಬ್ಬೆರಳಲ್ಲಿ ಹಿಡಿತಾನೇ ಇಲ್ಲ."

"ಹೊಡೆದೋರು ಎಷ್ಟು ಜನ?"

"ಒಬ್ಬ."

"ನಾಲ್ಕು ಜನ ಅಂದಿದ್ಯಲ್ಲೋ?" ಬೆಂಚಿನಿಂದ ಒಂದು ದನಿ ಬಂತು.

"ಒಬ್ಬನೇ ಸಾರ್. ಅವನೂ ನನ್ನ ಭುಜಕ್ಕೆ ಬರ್ತಿದ್ದ. ನಾನು ಒಂದೇಟೂ ಹೊಡೀಲಿಲ್ಲ. ಕೂತ್ಕೊಂಡು ಅತ್ತೆ."

ಯಾರೂ ನಗಲಿಲ್ಲ. ಅವನಿಗೆ ಅದೇ ಆಶ್ಚರ್ಯವಾಯಿತು.

"ಅತ್ತಿದ್ದು ಬರ್ಕೊಳ್ಳೋಕೆ ಫಾರಮಲ್ಲಿ ಜಾಗ ಇಲ್ಲ," ಎಂದರು ಅಧಿಕಾರಿಣಿ ತಲೆ ಎತ್ತದೆ. "ಉಳಿದಿದ್ದೆಲ್ಲ ಬರ್ಕೊಂಡಿದೀನಿ. ಆಪರೇಷನ್ ತುರ್ತು ಅಂತಾನೂ ಸೇರಿಸಿದೀನಿ." ಫೈಲು ಮಡಚಿ ಹೊರಟುಹೋದರು.

ಡ್ರೈವರ್ ಈಗ ಕಣ್ಣು ಬಿಟ್ಟ. "ಆ ಫಾರಮ್ಮು ಎಲ್ಲಿ ಸಿಗತ್ತಪ್ಪಾ?"

"ನಿಂಗ್ಯಾಕಣ್ಣ?"

ಆರಡಿ ಆಳು ದನಿ ತಗ್ಗಿಸಿದ. "ಹೋದ ವರ್ಷ ಗಾಡಿ ನಿಲ್ಸಿದ್ದಾಗ ತಲೆಗೆ ಹೊಡೆದು ಎಲ್ಲ ಕಿತ್ಕೊಂಡ್ರು. ಆವತ್ತಿಂದ ಒಂದು ಕಿವಿ ಕೇಳ್ಸಲ್ಲ. ಮನೇಲಿ ಬಾತ್‌ರೂಮಲ್ಲಿ ಜಾರಿಬಿದ್ದೆ ಅಂತ ಹೇಳಿದೀನಿ."

"ಪೊಲೀಸ್ ದೂರು ಕೊಟ್ಟಿದ್ಯಾ? ಅದಿಲ್ದೆ ಅರ್ಜಿ ನಡೆಯಲ್ಲ."

"ಹೋಗಿ ಏನಂತ ಹೇಳ್ಲಿ? ನಾಚಿಕೆ ಆಯ್ತು."

ವಾರಕ್ಕೆಲ್ಲ ಅಂಗಡಿಗೆ ಹೆಚ್ಚು ಜನ ಬರುವ ಹೊತ್ತು ಅದು. ಕ್ಷೌರಿಕ ಬೆಂಚಿನ ಕಡೆ ತಿರುಗಿ, "ಒಂದು ಗಂಟೆ ಬಿಟ್ಟು ಬನ್ನಿ ಸಾರ್," ಎಂದ. ಎಡಗೈಯಲ್ಲಿ ಶಟರ್ ಎಳೆಯಲು ಪರದಾಡಿದಾಗ ಇಬ್ಬರು ಗಿರಾಕಿಗಳು ಕೈ ಕೊಟ್ಟರು.

"ಠಾಣೇಲಿ ಏನಾದ್ರೂ ಅಂದ್ರೆ?" ಡ್ರೈವರ್ ರಸ್ತೆಯಲ್ಲಿ ನಿಂತುಬಿಟ್ಟ. ಗಾಬರಿಯಲ್ಲಿ ಮುಖದ ನೊರೆ ಒರೆಸಿಕೊಳ್ಳುವುದನ್ನೂ ಮರೆತಿದ್ದ.

ಕ್ಷೌರಿಕ ತನ್ನ ಹೆಗಲ ಮೇಲಿನ ಟವೆಲ್ ಅವನಿಗೆ ಕೊಟ್ಟು, ಅವನ ಕೇಳುವ ಕಿವಿಯ ಕಡೆಗೆ ಬಂದು ನಿಂತ.

"ಹೇಳೋವಾಗ ಅಳು ಬಂದ್ರೆ ಅತ್ಬಿಡಣ್ಣ. ನಾನು ಪಕ್ಕದಲ್ಲೇ ಇರ್ತೀನಿ."