ತೊಡುವವರ ಎಡ

ಎಡದ ಹಗ್ಗ ಕೆಂಪು, ಬಲದ ಹಗ್ಗ ಹಸಿರು. ಹತ್ತೊಂಬತ್ತು ವರ್ಷ ಪ್ಯಾರಾಚೂಟ್ ಮಡಿಸಿದ ಗಂಟಕ್ಕನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹಾಕಿದ ಗಂಟು ತಾನಾಗಿ ಬಿಚ್ಚಿದ್ದೇ ಇಲ್ಲ, ಅದಕ್ಕೇ ಆ ಹೆಸರು. ಸದಾ ಮುಖ ಗಂಟಿಕ್ಕಿಕೊಂಡಿರುತ್ತಾಳೆ, ಅದಕ್ಕೇ ಆ ಹೆಸರು ಎನ್ನುವವರೂ ಶೆಡ್ಡಿನಲ್ಲಿ ಇದ್ದರು.

ಆ ಬೆಳಿಗ್ಗೆ ಮುಖ ನಿಜಕ್ಕೂ ಗಂಟಿಕ್ಕಿತ್ತು. ಉದ್ದನೆಯ ಮೇಜಿನ ಮೇಲೆ ಹರಡಿದ ಬಟ್ಟೆಯಿಂದ ಬಂದ ಕೆಂಪು, ಹಸಿರು ಹಗ್ಗಗಳು ಪೆಟ್ಟಿಗೆಗೆ ಸೇರುವ ಮೊದಲು ಒಂದನ್ನೊಂದು ದಾಟಿದ್ದವು.

ಇದು ಮನುಷ್ಯರು ಜಿಗಿಯುವ ಛತ್ರಿಯಲ್ಲ. ದಾರಿ ಕಡಿದುಹೋಗಿ ಗುಡ್ಡದ ನೆತ್ತಿಯಲ್ಲಿ ಸಿಕ್ಕಿಕೊಂಡ ಸೈನಿಕರಿಗೆ ಔಷಧಿ, ಹಿಟ್ಟು, ಬ್ಯಾಟರಿ ಇಳಿಸುವ ಛತ್ರಿ. ಮೂಟೆಯ ಮೇಲಿನ ಪೆಟ್ಟಿಗೆ ತಾನೇ ದಾರಿ ಲೆಕ್ಕ ಹಾಕಿ, ಎರಡು ಮೋಟರುಗಳಿಂದ ಎಡದ್ದೋ ಬಲದ್ದೋ ಹಗ್ಗ ಎಳೆದು ಛತ್ರಿಯನ್ನು ತಿರುಗಿಸುತ್ತದೆ. ಈ ಸಲ ಹೊಸ ಪೆಟ್ಟಿಗೆಗಳು ಬಂದಿದ್ದವು, ಮೋಟರುಗಳ ಮೇಲೆ ‘ಎಡ’, ‘ಬಲ’ ಎಂದು ಚೀಟಿ ಅಂಟಿಸಿಕೊಂಡು. ಹನ್ನೆರಡು ಮೂಟೆ ಮಧ್ಯಾಹ್ನದೊಳಗೆ ವಿಮಾನ ಹತ್ತಬೇಕು. ಹೆಂಗಸರು ಚೀಟಿ ನೋಡಿ ಕಟ್ಟಿ ಮುಗಿಸಿದ್ದರು. ಹನ್ನೆರಡು ತಪಾಸಣೆ ಕಾರ್ಡಿಗೆ ಗಂಟಕ್ಕನ ಸಹಿಯೊಂದೇ ಬಾಕಿ.

ಅವಳು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟಳು.

ಮೇಸ್ತ್ರಿ ಓಡಿ ಬಂದ. ಮನೆಯಲ್ಲಿ ಅವನು ಗಂಟಕ್ಕನ ಅಳಿಯ. ಶೆಡ್ಡಿನಲ್ಲಿ ಏನು ಎಂದು ಯಾರಾದರೂ ಕೇಳಿದರೆ, “ಅಳಿಯ ಅಲ್ಲ, ಮಗಳ ಗಂಡ” ಎಂದು ಹೆಂಗಸರು ಕಣ್ಣು ಮಿಟುಕಿಸುತ್ತಿದ್ದರು.

“ಏನತ್ತೆ, ಪೆನ್ನು ಬರೀತಿಲ್ವಾ?”

“ಪೆನ್ನು ಬರೆಯುತ್ತೆ. ಕೈ ಒಪ್ತಿಲ್ಲ. ಈ ಹಗ್ಗ ಯಾಕೆ ದಾಟಿದೆ?”

“ಚೀಟಿ ಹೇಳಿದ ಹಾಗೇ ಕಟ್ಟಿರೋದು. ಎಡಕ್ಕೆ ಎಡ.”

“ಯಾರ ಎಡ?”

ಮೇಸ್ತ್ರಿ ತನ್ನ ಎಡಗೈಯನ್ನೊಮ್ಮೆ ನೋಡಿಕೊಂಡ.

“ಹಿಂದೆ ನಾನು ಹೊಲಿಗೆ ಅಂಗಡೀಲಿದ್ದಾಗ,” ಎಂದಳು ಗಂಟಕ್ಕ, “ಒಬ್ಬ ಗಿರಾಕಿಗೆ ಒಂದು ಭುಜ ತಗ್ಗು. ನಾನು ಎದುರಿಗೆ ನಿಂತು ಅಳತೆ ತಗೊಂಡೆ, ನನ್ನ ಎಡಕ್ಕೆ ಕಂಡಿದ್ದನ್ನ ಎಡ ಅಂತ ಬರ್ಕೊಂಡೆ. ಕೋಟು ಹಾಳಾಯ್ತು. ಅಂಗಡಿಯವರು ಅಳತೆಕೋಲಲ್ಲಿ ತಲೆ ಮೇಲೆ ಕುಟ್ಟಿ ಹೇಳಿದ್ರು, ಎಡ ಅಂದ್ರೆ ಹೊಲಿಯೋರ ಎಡ ಅಲ್ಲ, ತೊಡೋರ ಎಡ ಅಂತ. ಈ ಪೆಟ್ಟಿಗೇನ ಎದುರಿಗಿಟ್ಟುಕೊಂಡು ತನ್ನ ಎಡಕ್ಕೇ ‘ಎಡ’ ಅಂತ ಚೀಟಿ ಅಂಟಿಸಿದವನಿಗೆ ಯಾರೂ ಕುಟ್ಟಿಲ್ಲ. ಪೆಟ್ಟಿಗೆ ಎಡಕ್ಕೆ ಅಂದ್ರೆ ಛತ್ರಿ ಬಲಕ್ಕೆ ಹೋಗುತ್ತೆ. ತಪ್ಪಿತು ಅಂತ ಅದು ಇನ್ನೂ ಎಳೆಯುತ್ತೆ, ಇದು ಇನ್ನೂ ದೂರ ಹೋಗುತ್ತೆ.”

ಮೇಸ್ತ್ರಿ ದನಿ ತಗ್ಗಿಸಿದ. “ಹೊಸ ಪೆಟ್ಟಿಗೆ ಸರಿಯಿದೆ ಅಂತ ನಾನೇ ಬರೆದುಕೊಟ್ಟಿದ್ದೀನಿ ಅತ್ತೆ. ಈಗ ತಪ್ಪು ಅಂದ್ರೆ ಇಬ್ಬರ ಕೆಲಸಾನೂ ಹೋಗುತ್ತೆ.”

“ಹೋಗ್ಲಿ ಬಿಡಿ. ಮೇಲಿರೋರಿಗೆ ಔಷಧಿ ಮುಗಿದು ಎರಡು ದಿನ ಆಯ್ತಂತೆ. ಮೂಟೆ ಆಚೆ ಕಣಿವೇಲಿ ಇಳಿದ್ರೆ ಶತ್ರು ಏನು, ತಲುಪಿತು ಅಂತ ಕಾಗದ ಬರೀತಾನಾ?”

ಅಷ್ಟರಲ್ಲಿ ಸಾಹೇಬರು ಬಂದರು. ಹೊಸ ಪೆಟ್ಟಿಗೆ ತರಿಸಿದ್ದು ಅವರೇ, ಚೀಟಿ ಅಂಟಿಸಿದ್ದು ಅವರ ಕಚೇರಿಯೇ. ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

“ಪೆಟ್ಟಿಗೆ ಪರೀಕ್ಷೆ ಆಗಿದೆ. ಹಸಿರು ದೀಪ ಹತ್ತಿದೆ. ಇನ್ನೇನು?”

“ದೀಪ ಪೆಟ್ಟಿಗೇದು ಸಾಹೇಬರೇ. ಬಟ್ಟೆಗೆ ದೀಪ ಇಲ್ಲ.”

“ನೋಡಮ್ಮ, ವಾದ ಬೇಡ. ಸಹಿ ಬರಲ್ಲ ಅಂದ್ರೆ ಹೆಬ್ಬೆಟ್ಟು ಒತ್ತು.”

ಹೊಲಿಗೆ ಯಂತ್ರಗಳು ಒಂದೊಂದಾಗಿ ಸುಮ್ಮನಾದವು. ಗಂಟಕ್ಕ ಮೇಜಿನ ಮೇಲಿನ ಬಟ್ಟೆಯ ಸುಕ್ಕನ್ನು ಅಂಗೈಯಿಂದ ಸವರಿದಳು.

“ಸಹಿ ಬರುತ್ತೆ ಸಾಹೇಬರೇ. ಬರುತ್ತೆ ಅಂತಲೇ ಹಾಕ್ತಿಲ್ಲ.”

ಸಾಹೇಬರು ಕಾರ್ಡುಗಳನ್ನು ಎತ್ತಿ ಮೇಸ್ತ್ರಿಯ ಕೈಗಿಟ್ಟರು. “ನೀನು ಹಾಕು. ನಿಯಮದಲ್ಲಿ ಮೇಸ್ತ್ರಿ ಸಹಿಯೂ ನಡೆಯುತ್ತೆ.”

ಗಂಟಕ್ಕ ಅಳಿಯನ ಮುಖ ನೋಡಲಿಲ್ಲ. ನೋಡಿದರೆ ಬೇಡಿದಂತಾಗುತ್ತದೆ. ದಾಟಿದ ಹಗ್ಗಗಳನ್ನೇ ನೋಡುತ್ತ ನಿಂತಳು. ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆಮೇಲೆ ಮತ್ತೆ ಹಾಕಿದ ಸದ್ದು.

“ಒಂದು ನಿಮಿಷ ಸಾರ್. ಒಂದನ್ನ ಮೇಲಕ್ಕೆ ಎಳೆದು ನೋಡ್ತೀನಿ.”

ಒಪ್ಪಿಗೆಗೆ ಕಾಯದೆ ಅವನು ಸೂರಿನ ಸರಪಳಿಗೆ ಛತ್ರಿಯನ್ನು ಸಿಕ್ಕಿಸಿ ಎತ್ತಿಸಿದ. ಬಟ್ಟೆ ಬಿಚ್ಚಿಕೊಂಡು ತಲೆಯ ಮೇಲೆ ನಿಂತಿತು, ಕೆಳಗೆ ಪೆಟ್ಟಿಗೆ. ಅದರ ಅಡಿಗೆ ಹೋಗಿ, ಛತ್ರಿ ಹಾರುವ ದಿಕ್ಕಿಗೇ ಮುಖ ಮಾಡಿ ನಿಂತ. “ಮೂಟೆ ನಾನೇ ಅಂದ್ಕೊಳ್ಳಿ.”

“ಅಂದ್ಕೊಳ್ಳೋದೇನು ಬಂತು,” ಎಂದು ಒಬ್ಬಳು ಗೊಣಗಿದಳು. ಎಲ್ಲರೂ ನಕ್ಕರು. ಗಂಟಕ್ಕನ ಗಂಟೂ ಒಂದು ಎಳೆ ಸಡಿಲವಾಯಿತು.

ಮೇಸ್ತ್ರಿ ಎಡಗೈ ಮೇಲೆತ್ತಿ, ಬಲಗೈಯಲ್ಲಿದ್ದ ಪೆಟ್ಟಿಗೆಯ ರಿಮೋಟಿನ ಎಡದ ಗುಂಡಿ ಒತ್ತಿದ. ಮೋಟರು ಗುರ್ರೆಂದಿತು. ಎತ್ತಿದ ಕೈಯ ಕಡೆ ಬಟ್ಟೆ ಅಲುಗಲೇ ಇಲ್ಲ. ಬಲದ ಅಂಚು ಸರಸರನೆ ಕೆಳಗಿಳಿದು ಬಂತು. ಇನ್ನೊಮ್ಮೆ ಒತ್ತಿದ. ಮತ್ತೆ ಬಲದ್ದೇ.

ಸಾಹೇಬರು ಗಡಿಯಾರ ನೋಡಿಕೊಂಡರು. “ಬಿಚ್ಚಿ ಕಟ್ಟೋಕೆ ಎಷ್ಟು ಹೊತ್ತು?”

“ನೀವು ದಾರಿ ಬಿಟ್ಟರೆ ಎರಡು ಗಂಟೆ,” ಎಂದಳು ಗಂಟಕ್ಕ.

ಎರಡೂವರೆ ಗಂಟೆ ಹಿಡಿಯಿತು. ಗಂಟಕ್ಕ ಪ್ರತಿ ಛತ್ರಿಯನ್ನೂ ಸೂರಿಗೆ ಎತ್ತಿಸಿ, ಎಳೆಸಿ, ನೋಡಿ, ಆಮೇಲೆ ಸಹಿ ಹಾಕಿದಳು.

ಮೂರನೆಯ ದಿನ ಎರಡು ಸುದ್ದಿ ಬಂದವು. ಹನ್ನೆರಡು ಮೂಟೆಯೂ ಗುಡ್ಡದ ನೆತ್ತಿಯಲ್ಲೇ ಇಳಿದವು ಎಂಬುದು ಬಾಯಿಮಾತಿನಲ್ಲಿ ಬಂತು. ಪೆಟ್ಟಿಗೆಯ ಮೇಲಿನ ಲಿಖಿತ ಸೂಚನೆಯನ್ನು ಧಿಕ್ಕರಿಸಿ ವಿಮಾನ ತಡಮಾಡಿದ್ದೇಕೆ, ಕೆಲಸದಿಂದ ಏಕೆ ತೆಗೆಯಬಾರದು, ವಿವರಣೆ ಕೊಡತಕ್ಕದ್ದು ಎಂಬುದು ಗಂಟಕ್ಕನ ಹೆಸರಿಗೆ ಮೊಹರು ಹಾಕಿಸಿಕೊಂಡು ಬಂತು.

“ತಪ್ಪಾಯ್ತು ಅಂತ ಒಂದು ಸಾಲು ಬರೆದುಬಿಡಿ ಅತ್ತೆ. ಮುಗಿದುಹೋಗುತ್ತೆ.”

“ಒಂದು ಸಾಲು ತಾನೇ?”

ಗಂಟಕ್ಕ ಕನ್ನಡಕ ಏರಿಸಿ, ಅಕ್ಷರ ಅಕ್ಷರವನ್ನೂ ಹೊಲಿಗೆ ಹಾಕಿದಂತೆ ಬರೆದಳು: ‘ಎಡ ಎಂದರೆ ತೊಡುವವರ ಎಡ.’ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು.

ಮೇಸ್ತ್ರಿ ಆ ಸಾಲನ್ನು ಓದಿದ. ಆಮೇಲೆ ಅವಳ ಕೈಯಿಂದ ಪೆನ್ನು ತೆಗೆದುಕೊಂಡ.

“ನಂದೂ ಹಾಕ್ತೀನಿ. ಎಡಗಡೆ ಹಾಕ್ಲಾ, ಬಲಗಡೆನಾ?”

“ಕೆಳಗೆ ಹಾಕಿ,” ಎಂದಳು ಗಂಟಕ್ಕ. “ಕೆಳಗೆ ಅನ್ನೋದು ಎಲ್ಲರಿಗೂ ಒಂದೇ.”